ಲೇಖನಿಯೂ ರಸೀತಿ ಪುಸ್ತಕವೂ

ವ್ಯಾಪಾರಿಯು ತನ್ನ ಸರಕಿನ ಗುಣವನ್ನು ನಾಲ್ಕು ಜನಕ್ಕೆ ತಿಳಿಸುವುದು ತಪ್ಪಲ್ಲ. ಆ ತಿಳಿವಳಿಕೆಯನ್ನು ಪತ್ರಿಕೆಯು ಹಣ ಪಡೆದು ಅಚ್ಚುಹಾಕುವುದೂ ತಪ್ಪಲ್ಲ. ಇವರಿಬ್ಬರ ನಡುವೆ ಓಡಾಡಿ, ಒಬ್ಬನಿಗೆ ಗಿರಾಕಿಯನ್ನೂ ಇನ್ನೊಬ್ಬನಿಗೆ ಆದಾಯವನ್ನೂ ದೊರಕಿಸಿಕೊಟ್ಟು, ತನ್ನ ಶ್ರಮಕ್ಕೆ ನೂರಕ್ಕೆ ಇಷ್ಟೆಂದು ಕಮಿಷನ್ ಪಡೆಯುವವನೂ ನಿಂದ್ಯನಲ್ಲ. ಸಂಸಾರದ ಖರ್ಚಿಗೆ ಸಂಬಳ ಸಾಲದೆ ಬಂದವನು ಇಂಥ ಕೆಲಸವನ್ನು ಉಪವೃತ್ತಿಯಾಗಿ ಹಿಡಿದರೆ ಅದರಲ್ಲಿ ಅವಮಾನವೇನೂ ಇಲ್ಲ. ಇಷ್ಟನ್ನು ಮೊದಲೇ ಒಪ್ಪಿಕೊಂಡು ಹೊರಡುವುದು ಒಳ್ಳೆಯದು. ಏಕೆಂದರೆ ಜಾಹೀರಾತನ್ನು ಕುರಿತ ಆಕ್ಷೇಪಣೆಗಳಲ್ಲಿ ಬಹುಪಾಲು, ಜಾಹೀರಾತೇ ಒಂದು ಪಾಪವೆಂಬ ಭಾವನೆಯಿಂದ ಹೊರಟು ಅಲ್ಲಿಯೇ ಮುಗಿದುಹೋಗುತ್ತವೆ. ಇಲ್ಲಿ ವಿಚಾರಕ್ಕೆ ಬಂದಿರುವುದು ಅದಲ್ಲ. ಸುದ್ದಿಯನ್ನು ಬರೆಯತಕ್ಕವನ ಕೈಗೇ ಜಾಹೀರಾತಿನ ರಸೀತಿ ಪುಸ್ತಕವನ್ನೂ ಕೊಟ್ಟು, ‘ನಿನ್ನ ಸಂಬಳವನ್ನು ನೀನೇ ಊರಿನಲ್ಲಿ ಎತ್ತಿಕೊ’ ಎಂದು ಪತ್ರಿಕೆಗಳು ಹೇಳುತ್ತಿರುವ ರೂಢಿಯು ನ್ಯಾಯವೆ, ಎಂಬುದೇ ಇಲ್ಲಿಯ ಪ್ರಶ್ನೆ.

ಭಾರತದಲ್ಲಿ ವೃತ್ತಪತ್ರಿಕೆಯೂ ಜಾಹೀರಾತೂ ಅವಳಿಗಳಾಗಿ ಹುಟ್ಟಿದವು. ೧೭೮೦ನೆಯ ಇಸವಿ ಜನವರಿ ೨೯ರಂದು ಕಲ್ಕತ್ತೆಯಲ್ಲಿ ಜೇಮ್ಸ್ ಆಗಸ್ಟಸ್ ಹಿಕಿ ಎಂಬಾತನು ಹೊರಡಿಸಿದ ಪತ್ರಿಕೆಯೇ ಈ ದೇಶದ ಮೊಟ್ಟಮೊದಲನೆಯ ಮುದ್ರಿತ ವೃತ್ತಪತ್ರಿಕೆ. ಅದು ‘ಬೆಂಗಾಲ್ ಗೆಜೆಟ್’ ಎಂಬ ಹೆಸರಿನೊಡನೆ ‘ಕಲ್ಕತ್ತಾ ಜನರಲ್ ಅಡ್ವರ್ಟೈಸರ್’ ಎಂಬ ಹೆಸರನ್ನೂ ತಲೆಯ ಮೇಲೆ ಹೊತ್ತಿತ್ತು. ಹೀಗೆ ಜಾಹೀರಾತನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿದ್ದ ಪತ್ರಿಕೆಯು ಅಂಜಿ ನಡೆಯಿತೆ? ಇಲ್ಲ. ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನನ್ನೇ ಎದುರುಹಾಕಿಕೊಂಡು, ಅದರ ಸಂಪಾದಕನು ಸೆರೆಮನೆಯನ್ನು ಕಂಡನು. ೧೭೮೨ರಲ್ಲಿ ಅಚ್ಚಿನ ಸಾಮಗ್ರಿಯು ಜಪ್ತಿಯಾಗಿ ಪತ್ರಿಕೆಯು ನಿಂತುಹೋಯಿತು. ಹಿಕಿಯ ಬರವಣಿಗೆಯಲ್ಲಿ ದೋಷಗಳು ಹಲವು ಇದ್ದಿರಬಹುದು, ಹೇಡಿತನವಂತೂ ಇರಲಿಲ್ಲ. ಜಾಹೀರಾತನ್ನು ಅಚ್ಚುಹಾಕಿದ ಮಾತ್ರಕ್ಕೆ ಪತ್ರಿಕೆಯ ಬೆನ್ನು ಬಾಗಬೇಕಾಗಿಲ್ಲವೆಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಜಾಹೀರಾತನ್ನು ತಂದುಕೊಡುವ ದಳ್ಳಾಳಿಯ ಕಸುಬು ಇದಕ್ಕಿಂತ ಈಚಿನದು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ವಾಲ್ನಿ ಪಾಮರ್ ಎಂಬಾತನು ೧೮೪೦ರ ದಶಕದಲ್ಲಿ ವರ್ತಕರಿಂದ ಜಾಹೀರಾತುಗಳನ್ನು ಕೂಡಿಸಿ ಪತ್ರಿಕೆಗಳಿಗೆ ಒಪ್ಪಿಸುವ ಕಚೇರಿಯನ್ನು ತೆರೆದು, ಪತ್ರಿಕೆಗಳಿಂದ ನೂರಕ್ಕೆ ೨೫ರಂತೆ ಕಮಿಷನ್ ಪಡೆಯುತ್ತಿದ್ದನು. ಭಾರತದಲ್ಲಿ, ೧೯೩೯ರಲ್ಲಿ ಸ್ಥಾಪಿತವಾದ ವೃತ್ತಪತ್ರಿಕೆಗಳ ಸೊಸೈಟಿಯ ಮನ್ನಣೆ ಪಡೆದ ಏಜೆನ್ಸಿಗಳಿಗೆ ನೂರಕ್ಕೆ ೧೫ ಎಂಬ ದರವು ವಾಡಿಕೆಯಾಗಿ ನೆಲೆನಿಂತಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಪಾಮರನು ಸುದ್ದಿಯನ್ನು ಬರೆಯುತ್ತಿರಲಿಲ್ಲ. ಏಜೆನ್ಸಿಯ ಗುಮಾಸ್ತನೂ ಬರೆಯುವುದಿಲ್ಲ. ವರ್ತಕನು ಅವನಿಗೆ ಜಾಹೀರಾತನ್ನು ಕೊಡದೆ ಹಿಂದಕ್ಕೆ ಕಳುಹಿಸಿದರೆ, ಅವನು ಕೈಚೀಲವನ್ನು ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋಗಬೇಕೇ ಹೊರತು ಬೇರೆ ಏನನ್ನೂ ಮಾಡಲಾರನು. ಕೊಡು ಎನ್ನುವ ಹಕ್ಕು ಅವನದು, ಕೊಡೆನೆನ್ನುವ ಹಕ್ಕು ವರ್ತಕನದು; ಈ ಎರಡು ಹಕ್ಕುಗಳೂ ಸಮತೂಕವಾಗಿರುವುದರಿಂದಲೇ ಆ ವ್ಯವಹಾರವು ವ್ಯಾಪಾರವೆನಿಸಿಕೊಳ್ಳುತ್ತದೆ.

ಕನ್ನಡನಾಡಿನ ತಾಲ್ಲೂಕು ಕೇಂದ್ರಗಳಲ್ಲಿ ಇಂದು ನಡೆದುಬರುತ್ತಿರುವ ರೀತಿಯೇ ಬೇರೆ. ಅಲ್ಲಿ ಪತ್ರಿಕೆಗೆ ಸುದ್ದಿ ಕಳುಹಿಸುವ ಬಾತ್ಮೀದಾರನು, ಇಂದಿನ ಮಾತಿನಲ್ಲಿ ಹೇಳುವುದಾದರೆ ಅರೆಕಾಲಿಕ ವರದಿಗಾರನು, ಬಹುಮಟ್ಟಿಗೆ ಸಂಬಳದ ನೌಕರನಲ್ಲ. ಕೆಲವು ಪತ್ರಿಕೆಗಳು ಅವನಿಗೆ ಗೌರವಧನವೆಂದು ತಿಂಗಳಿಗೊಮ್ಮೆ ಅಲ್ಪಸ್ವಲ್ಪವನ್ನು ಕೊಡುತ್ತವೆ. ಕೆಲವು ಅಚ್ಚಾದ ಸುದ್ದಿಯ ಲೆಕ್ಕದ ಮೇಲೆ ಕೊಡುತ್ತವೆ. ಕೆಲವು ಗುರುತಿನ ಚೀಟಿಯೊಂದನ್ನು ಕೊಟ್ಟು ಸುಮ್ಮನಾಗುತ್ತವೆ. ಯೋಗ್ಯವಾದ ಸಂಬಳವನ್ನು ಕೊಟ್ಟು, ಬಾತ್ಮೀದಾರನನ್ನು ಜಾಹೀರಾತಿನ ಗೋಜಿಗೆ ಹಚ್ಚದ ಪತ್ರಿಕೆಗಳೂ ಇಲ್ಲದಿಲ್ಲ. ಅವುಗಳಿಗೆ ಈ ಮಾತು ತಗುಲುವುದಿಲ್ಲ. ಉಳಿದೆಡೆಗಳಲ್ಲಿ ಬಾತ್ಮೀದಾರನ ಹೊಟ್ಟೆಪಾಡಿಗೆ ಆಧಾರವಾಗಿರುವುದು ಜಾಹೀರಾತಿನ ಕಮಿಷನ್ನು. ಅದಕ್ಕೆ ಒಂದು ಪಂಚಾಂಗವೇ ಸಿದ್ಧವಾಗಿದೆ: ಜನವರಿ ೨೬, ಯುಗಾದಿ, ಊರ ಜಾತ್ರೆ, ಆಗಸ್ಟ್ ೧೫, ಗಣೇಶನ ಹಬ್ಬ, ದಸರಾ, ನವೆಂಬರ್ ೧ರ ರಾಜ್ಯೋತ್ಸವ, ದೀಪಾವಳಿ, ಇವುಗಳ ನಡುನಡುವೆ ಶಾಸಕರ ಹುಟ್ಟುಹಬ್ಬ, ಹೊಸ ಕಟ್ಟಡದ ಪ್ರಾರಂಭೋತ್ಸವ, ಪತ್ರಿಕೆಯದೇ ವಾರ್ಷಿಕೋತ್ಸವ. ಪ್ರತಿಯೊಂದಕ್ಕೂ ಒಂದು ವಿಶೇಷ ಪುರವಣಿ. ಪ್ರತಿಯೊಂದು ಪುರವಣಿಗೂ ತಾಲ್ಲೂಕಿಗೆ ಇಷ್ಟು ಹಣವೆಂಬ ಗುರಿ. ಗುರಿಯನ್ನು ಮುಟ್ಟಿದವನು ಒಳ್ಳೆಯ ಬಾತ್ಮೀದಾರ. ಮುಟ್ಟದವನ ಸ್ಥಾನಕ್ಕೆ ಬೇರೊಬ್ಬನು ಸಿದ್ಧ.

ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಮಿಷನ್ ನೂರಕ್ಕೆ ೧೫ ಎಂದೇ ಇಟ್ಟುಕೊಂಡರೆ, ೫,೦೦೦ ರೂಪಾಯಿನ ಜಾಹೀರಾತೊಂದರಿಂದ ಬಾತ್ಮೀದಾರನಿಗೆ ಸಿಕ್ಕುವುದು ೭೫೦ ರೂಪಾಯಿ. ತಿಂಗಳಿಗೆ ೧೫,೦೦೦ ರೂಪಾಯಿ ಬೇಕೆಂದರೆ ಅವನು ಊರಿನಿಂದ ಒಂದು ಲಕ್ಷ ರೂಪಾಯಿನಷ್ಟು ಜಾಹೀರಾತನ್ನು ಎತ್ತಬೇಕು. ಎಂದರೆ ಇಪ್ಪತ್ತು ಬಾಗಿಲುಗಳನ್ನು ತಟ್ಟಬೇಕು. ತಾಲ್ಲೂಕು ಕೇಂದ್ರವೊಂದರಲ್ಲಿ ೫,೦೦೦ ರೂಪಾಯಿ ಕೊಡಬಲ್ಲ ಬಾಗಿಲುಗಳು ಯಾವುವು? ಚಿನ್ನಬೆಳ್ಳಿಯ ಅಂಗಡಿ, ಜವಳಿ ಅಂಗಡಿ, ಬೀಜ ಗೊಬ್ಬರದ ಮಳಿಗೆ, ನರ್ಸಿಂಗ್ ಹೋಮು, ಖಾಸಗಿ ಶಾಲೆ, ಕಂತ್ರಾಟುದಾರರು, ಸಹಕಾರ ಸಂಘ, ಪಂಚಾಯತಿ, ಚುನಾವಣೆಗೆ ನಿಲ್ಲುವ ಆಕಾಂಕ್ಷೆಯುಳ್ಳವರು. ಊರಿನಲ್ಲಿ ಯಾರ ವ್ಯವಹಾರದ ಮೇಲೆ ಜನರ ಪರವಾಗಿ ಕಣ್ಣಿಟ್ಟಿರಬೇಕೋ ಆ ಹೆಸರುಗಳೂ ಇವೇ ಅಲ್ಲವೆ? ಯಾರನ್ನು ಕಾಯಬೇಕೋ ಅವರ ಬಾಗಿಲಲ್ಲಿಯೇ ಕೈಯೊಡ್ಡಿ ನಿಲ್ಲುವಂತೆ ಕಾವಲುಗಾರನ ಜೀವನೋಪಾಯವನ್ನು ಏರ್ಪಡಿಸಿ, ಆಮೇಲೆ ಅವನಿಂದ ನಿಷ್ಠುರತೆಯನ್ನು ನಿರೀಕ್ಷಿಸುವುದು ಯಾವ ವಿವೇಕ?

ಇನ್ನು, ಹೀಗೆ ಬಂದ ಜಾಹೀರಾತಿನ ಸ್ವರೂಪವನ್ನಾದರೂ ನೋಡಬಹುದು. ‘ಈ ಮುಂಗಾರಿಗೆ ಇಂಥ ತಳಿಯ ಬಿತ್ತನೆ ಬೀಜ ಬಂದಿದೆ, ದರ ಇಷ್ಟು, ದೊರೆಯುವ ಸ್ಥಳ ಇಂಥದು’ ಎಂದರೆ ಅದು ಜಾಹೀರಾತು. ಓದಿದ ರೈತನಿಗೆ ಅದರಿಂದ ಉಪಯೋಗವುಂಟು, ಕೊಟ್ಟ ವರ್ತಕನಿಗೆ ಲಾಭವುಂಟು. ಪುರವಣಿಯಲ್ಲಿ ಬರುವುದು ಅದಲ್ಲ. ಕೈಮುಗಿದ ಒಂದು ಭಾವಚಿತ್ರ, ಅದರ ಕೆಳಗೆ ‘ನಾಡಿನ ಸಮಸ್ತ ಜನತೆಗೆ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂಬ ಒಂದು ಸಾಲು, ಅಂಗಡಿಯ ಹೆಸರು. ಇಂಥ ಮೂವತ್ತು ಚೌಕಗಳು ಒಂದೇ ಪುಟದಲ್ಲಿ ಒತ್ತೊತ್ತಾಗಿ ಕುಳಿತಿರುವಾಗ, ಅದನ್ನು ನೋಡಿ ಒಂದು ಗಜ ಬಟ್ಟೆಯನ್ನಾದರೂ ಹೆಚ್ಚಾಗಿ ಕೊಂಡ ಗಿರಾಕಿಯುಂಟೆ? ಹಾಗೆಂದು ಅಂಗಡಿಯವನಿಗೂ ಭ್ರಮೆಯಿಲ್ಲ. ಅವನು ಆ ಹಣವನ್ನು ಮನಸ್ಸಿನಲ್ಲಿ ಬರೆದುಕೊಳ್ಳುವುದು ವ್ಯಾಪಾರದ ಖರ್ಚಿನ ಖಾತೆಯಲ್ಲಿ ಅಲ್ಲ. ಗಣಪತಿ ಕೂರಿಸುವ ಹುಡುಗರಿಗೆ ಕೊಟ್ಟ ವಂತಿಗೆಯ ಪಕ್ಕದಲ್ಲಿ. ಸರಕು ಮಾರಲೆಂದು ಕೊಡುವುದು ಜಾಹೀರಾತು. ತೊಂದರೆ ಬಾರದಿರಲೆಂದು ಕೊಡುವುದು ಕಪ್ಪಕಾಣಿಕೆ. ಎರಡಕ್ಕೂ ಒಂದೇ ಹೆಸರನ್ನಿಟ್ಟು ಕರೆದರೆ ವಸ್ತುವು ಬದಲಾಗುವುದಿಲ್ಲ.

ಮೈಸೂರಿನ ಚರಿತ್ರೆಯನ್ನು ಬಲ್ಲವರಿಗೆ ಈ ಏರ್ಪಾಡು ಅಪರಿಚಿತವಾಗಿ ಕಾಣದು. ಮುಮ್ಮಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ, ೧೮೩೧ಕ್ಕೆ ಮೊದಲು, ‘ಶರ್ತಿ’ ಎಂಬ ಕಂದಾಯದ ಪದ್ಧತಿಯೊಂದು ನಡೆಯುತ್ತಿತ್ತು. ಅದು ಹೇಗೆಂದರೆ, ತಾಲ್ಲೂಕಿನ ಅಮಲ್ದಾರನು ವರ್ಷಕ್ಕೆ ಇಷ್ಟು ಹಣವನ್ನು ಸರ್ಕಾರಕ್ಕೆ ಎತ್ತಿಕೊಡುತ್ತೇನೆಂದು ಕರಾರು ಬರೆದುಕೊಡಬೇಕು. ವಸೂಲು ಕಡಮೆಯಾದರೆ ಕೊರತೆಯನ್ನು ಅವನೇ ತುಂಬಬೇಕು. ಹೆಚ್ಚಾದರೆ ಹೆಚ್ಚಾದುದನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಕರಾರಿನ ಮೊತ್ತವು ಸಾಮಾನ್ಯವಾಗಿ ಹಿಂದಿನ ವರ್ಷದ್ದಕ್ಕಿಂತ ಏರಿಯೇ ಇರುತ್ತಿತ್ತು. ರೈತರನ್ನು ಪೀಡಿಸಕೂಡದು, ಹೊಸ ತೆರಿಗೆಗಳನ್ನು ಹಾಕಕೂಡದು ಎಂಬ ಮಾತೂ ಮುಚ್ಚಳಿಕೆಯಲ್ಲಿ ತಪ್ಪದೆ ಇರುತ್ತಿತ್ತು. ಆದರೆ ಅದು ಬರೆಯುವುದಕ್ಕಾಗಿ ಬರೆದ ಮಾತು. ಇದರ ಫಲವು ಲೋಕವಿದಿತವಾಗಿದೆ. ೧೮೩೦-೩೧ರ ನಗರದ ರೈತರ ದಂಗೆಗೆ ಈ ಪದ್ಧತಿಯ ಪೀಡೆಯು ಮುಖ್ಯ ಕಾರಣಗಳಲ್ಲಿ ಒಂದಾಯಿತು. ೧೮೩೧ರಲ್ಲಿ ರಾಜ್ಯದ ಆಡಳಿತವು ಮಹಾರಾಜರ ಕೈಬಿಟ್ಟು ಇಂಗ್ಲಿಷರ ಕಮಿಷನರುಗಳ ಕೈಸೇರಿ, ೧೮೮೧ರವರೆಗೂ ಅಲ್ಲಿಯೇ ಉಳಿಯಿತು.

ಪತ್ರಿಕೆಯ ಗುರಿಯನ್ನೂ ಅಮಲ್ದಾರನ ಶರ್ತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸವನ್ನು ಹುಡುಕಬೇಕಾಗುತ್ತದೆ. ತಾಲ್ಲೂಕಿಗೆ ಗೊತ್ತುಮಾಡಿದ ಮೊತ್ತ, ವರ್ಷವರ್ಷವೂ ಅದರ ಏರಿಕೆ, ಕೊರತೆ ಬಿದ್ದರೆ ಕೆಲಸಕ್ಕೇ ಸಂಚಕಾರ, ಕೆಲವು ಕಡೆಗಳಲ್ಲಿ ವರ್ತಕನು ಹಣ ಕೊಡದೆ ನಿಲ್ಲಿಸಿದರೆ ಬಾಕಿಯನ್ನು ಬಾತ್ಮೀದಾರನ ತಲೆಗೇ ಕಟ್ಟುವುದು, ಎಲ್ಲಕ್ಕೂ ಮೇಲೆ ‘ಯಾರನ್ನೂ ಬಲವಂತಪಡಿಸಕೂಡದು’ ಎಂಬ ಒಳ್ಳೆಯ ಮಾತು. ಶರ್ತಿಯ ದೋಷವು ಅಮಲ್ದಾರರ ದುಷ್ಟತನದಲ್ಲಿ ಇರಲಿಲ್ಲ. ಒಳ್ಳೆಯ ಅಮಲ್ದಾರನೂ ಕೆಟ್ಟವನಾಗದೆ ಬದುಕಲಾರದಂಥ ವ್ಯವಸ್ಥೆಯಲ್ಲಿತ್ತು. ಇಂದಿನ ರೂಢಿಯ ದೋಷವೂ ಅದೇ. ಬಾತ್ಮೀದಾರರನ್ನು ಬಯ್ದು ಸಮಾಧಾನಪಟ್ಟುಕೊಳ್ಳುವವರು ಬೇರನ್ನು ಬಿಟ್ಟು ಎಲೆಯನ್ನು ತರಿಯುವವರು.

ಈ ರೂಢಿಯಿಂದ ಮೂವರಿಗೆ ಕೇಡು. ಮೊದಲನೆಯವನು ಸಣ್ಣ ವ್ಯಾಪಾರಿ. ದೊಡ್ಡ ಕಂಪನಿಗೆ ಜಾಹೀರಾತಿನ ಇಲಾಖೆಯುಂಟು, ಲೆಕ್ಕವುಂಟು, ಬೇಡವೆನ್ನುವ ಧೈರ್ಯವುಂಟು. ಬೇಕರಿಯವನಿಗೂ ಖಾನಾವಳಿಯವನಿಗೂ ಅದಿಲ್ಲ. ತನ್ನ ಅಂಗಡಿಯ ಮುಂದಿನ ಚರಂಡಿಯೋ, ತೂಕದ ಕಲ್ಲೋ, ಲೈಸೆನ್ಸಿನ ಕಾಗದವೋ ನಾಳೆ ಸುದ್ದಿಯಾದೀತೆಂಬ ಶಂಕೆಯೊಂದೇ ಅವನ ಗಲ್ಲಾಪೆಟ್ಟಿಗೆಯನ್ನು ತೆರೆಯಿಸುತ್ತದೆ. ಕೇಳುವವನು ಬೆದರಿಸಬೇಕಾಗಿಯೇ ಇಲ್ಲ. ನಗುನಗುತ್ತ, ‘ಅಣ್ಣ, ಈ ಸಲ ನಿಮ್ಮದೊಂದು ಇರಲಿ’ ಎಂದರೆ ಸಾಕು. ಅವನ ಕಿಸೆಯಲ್ಲಿರುವ ಗುರುತಿನ ಚೀಟಿಯು ಉಳಿದುದನ್ನು ತಾನೇ ಹೇಳುತ್ತದೆ.

ಎರಡನೆಯವನು ಬಾತ್ಮೀದಾರನೇ. ಪತ್ರಿಕೆಯು ಅವನ ದುಡಿಮೆಯನ್ನು ಕೊಳ್ಳುತ್ತದೆ, ಬೆಲೆಯನ್ನು ಊರಿನವರಿಂದ ಕೊಡಿಸುತ್ತದೆ. ಶ್ರಮಜೀವಿ ಪತ್ರಕರ್ತರ ಸೇವಾನಿಯಮಗಳಿಗಾಗಿ ೧೯೫೫ರಲ್ಲಿ ಬಂದ ಕಾಯಿದೆಯು, ಪತ್ರಿಕೋದ್ಯಮವು ಯಾರ ಮುಖ್ಯ ವೃತ್ತಿಯೋ ಅವರನ್ನು ಪತ್ರಕರ್ತರೆಂದು ಲಕ್ಷಣ ಹೇಳಿತ್ತು. ಹಗಲೆಲ್ಲ ಜಾಹೀರಾತಿಗಾಗಿ ಅಲೆದು, ಸಂಜೆ ಎರಡು ಸುದ್ದಿಗಳನ್ನು ಕಳುಹಿಸಿ, ಕಮಿಷನ್ನಿನಿಂದಲೇ ಅಕ್ಕಿ ತರುವವನ ಮುಖ್ಯ ವೃತ್ತಿ ಯಾವುದು? ಪತ್ರಿಕೆಯ ಆಡಳಿತದವರು ಸುದ್ದಿ ಬೇಕಾದಾಗ ಅವನನ್ನು ‘ನಮ್ಮ ಪ್ರತಿನಿಧಿ’ ಎನ್ನುತ್ತಾರೆ. ಸಂಬಳದ ಮಾತು ಬಂದಾಗ ‘ಅವನು ನಮ್ಮ ನೌಕರನಲ್ಲ’ ಎನ್ನುತ್ತಾರೆ. ಕಾಯಿಲೆ ಬಿದ್ದರೆ ಅವನಿಗೆ ರಜೆಯಿಲ್ಲ, ಮುಪ್ಪಿಗೆ ಭವಿಷ್ಯನಿಧಿಯಿಲ್ಲ, ಬರೆದ ಸುದ್ದಿಗಾಗಿ ಯಾರಾದರೂ ಕೈಮಾಡಿದರೆ ಬೆನ್ನಿಗೆ ನಿಲ್ಲುವವರಿಲ್ಲ. ಊರಿನವರ ಕಣ್ಣಿಗೆ ಮಾತ್ರ ಅವನೇ ವಸೂಲಿಗಾರ.

ಮೂರನೆಯದು ಊರು, ಎಲ್ಲಕ್ಕೂ ದೊಡ್ಡ ಕೇಡು ಅದಕ್ಕೇ. ೪೫ ಕಿಲೋ ಯೂರಿಯಾ ಚೀಲವನ್ನು ಅದರ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಮಾರಿದರೆ, ಅಥವಾ ಬೇಡದ ಇನ್ನೊಂದು ಡಬ್ಬಿಯನ್ನು ಕೊಂಡರೆ ಮಾತ್ರ ಯೂರಿಯಾ ಕೊಡುವೆನೆಂದರೆ, ಬಿತ್ತನೆಯ ಹೊತ್ತಿನಲ್ಲಿ ರೈತನು ಎಲ್ಲಿಗೆ ದೂರನ್ನು ಒಯ್ಯಬೇಕು? ಮೊಳೆಯದ ಬೀಜ, ಪ್ರಸವಕ್ಕೆಂದು ಸೇರಿಸಿದ ನರ್ಸಿಂಗ್ ಹೋಮಿನ ಬಿಲ್ಲು, ವರ್ಷ ತುಂಬುವ ಮೊದಲೇ ಕಿತ್ತುಹೋದ ರಸ್ತೆ, ಮಧುಮೇಹವನ್ನು ಬೇರುಸಹಿತ ಕೀಳುವೆನೆಂಬ ನಾಟಿವೈದ್ಯನ ಮಾತು: ಇವೆಲ್ಲವೂ ಪ್ರಾಂತದ ರಾಜಧಾನಿಯಲ್ಲಿ ಕುಳಿತ ಸಂಪಾದಕನ ಕಣ್ಣಿಗೆ ಬೀಳುವಂಥವಲ್ಲ. ಮಧುಮೇಹವೇ ಮೊದಲಾದ ಹಲವು ರೋಗಗಳನ್ನು ವಾಸಿಮಾಡುವೆನೆಂದು ಪ್ರಕಟಿಸುವುದು ೧೯೫೪ರ ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆಯ ಪ್ರಕಾರ ಅಪರಾಧ. ಆದರೆ ಅದನ್ನು ಮೊದಲು ಕಂಡು ಹೇಳತಕ್ಕವನೇ ಆ ಪ್ರಕಟನೆಯನ್ನು ತಂದು ನೂರಕ್ಕೆ ೧೫ನ್ನು ಪಡೆದಿದ್ದರೆ ಕಾಯಿದೆಯು ಏನು ಮಾಡೀತು? ಬರೆದ ಸುಳ್ಳಿಗೆ ಅಚ್ಚಿನ ಸಾಕ್ಷಿ ಉಳಿಯುತ್ತದೆ. ಅದನ್ನು ಹಿಡಿದು ಕೇಳಬಹುದು. ಬರೆಯದೆ ಬಿಟ್ಟ ಸತ್ಯಕ್ಕೆ ಸಾಕ್ಷಿಯೇ ಇಲ್ಲ. ಈ ರೂಢಿಯು ಬೆಳೆಸುತ್ತಿರುವುದು ಅಂಥ ಮೌನವನ್ನು.

ಮೌನವಷ್ಟೇ ಅಲ್ಲ, ಮಾತಿಗೂ ಇದರಿಂದ ಬೆಲೆ ಹೋಗಿದೆ. ಒಬ್ಬ ದಿಟ್ಟ ಬಾತ್ಮೀದಾರನು ಕಂತ್ರಾಟುದಾರನ ಮೋಸವನ್ನು ದಾಖಲೆ ಸಹಿತ ಬರೆದನೆಂದು ಇಟ್ಟುಕೊಳ್ಳೋಣ. ಮಾರನೆಯ ದಿನ ಬಸ್ ನಿಲ್ದಾಣದ ಹೋಟಲಿನಲ್ಲಿ ಹುಟ್ಟುವ ಮಾತು ಯಾವುದು? ‘ದೀಪಾವಳಿಗೆ ಜಾಹೀರಾತು ಕೊಡಲಿಲ್ಲವೆಂದು ಬರೆದ’ ಎಂಬುದೇ. ಕಂತ್ರಾಟುದಾರನು ಬೇರೆ ಉತ್ತರವನ್ನು ಕೊಡಬೇಕಾಗಿಯೇ ಇಲ್ಲ. ರೂಢಿಯು ಅವನ ಪರವಾಗಿ ವಕಾಲತ್ತು ಹಾಕಿದೆ. ಅಯೋಗ್ಯನು ಈ ರೂಢಿಯಿಂದ ಹಣವನ್ನು ಪಡೆಯುತ್ತಾನೆ. ಯೋಗ್ಯನು ಇದೇ ರೂಢಿಯಿಂದ ನಂಬಿಕೆಯನ್ನು ಕಳೆದುಕೊಳ್ಳುತ್ತಾನೆ.

ಇದಕ್ಕೆ ಪ್ರತಿಯಾಗಿ ಹೇಳುವ ಮಾತುಗಳು ಮೂರು. ‘ಜಾಹೀರಾತಿಲ್ಲದೆ ಪತ್ರಿಕೆಯು ಉಳಿಯುವುದು ಹೇಗೆ? ಓದುಗರು ಕೊಡುವ ನಾಲ್ಕಾರು ರೂಪಾಯಿಗಳಲ್ಲಿ ಕಾಗದದ ಬೆಲೆಯೂ ಹುಟ್ಟುವುದಿಲ್ಲ’ ಎಂಬುದು ಮೊದಲನೆಯದು. ಮಾತು ನಿಜ, ಆದರೆ ಪ್ರಶ್ನೆಗೆ ಉತ್ತರವಲ್ಲ. ಜಾಹೀರಾತು ಬೇಡವೆಂದು ಯಾರೂ ಹೇಳುತ್ತಿಲ್ಲ. ಸುದ್ದಿ ಬರೆಯದ ಬೇರೊಬ್ಬನು ಅದನ್ನು ತಂದರೂ ಪತ್ರಿಕೆಯು ಕೊಡಬೇಕಾದುದು ಅದೇ ನೂರಕ್ಕೆ ೧೫. ಎರಡು ಕೆಲಸಗಳನ್ನೂ ಒಬ್ಬನಿಗೇ ಹೊರಿಸುವುದರಿಂದ ಪತ್ರಿಕೆಗೆ ಉಳಿಯುವುದು ಬಾತ್ಮೀದಾರನ ಸಂಬಳ ಒಂದು, ಅಂಗಡಿಯವನ ಅಂಜಿಕೆಯಿಂದ ಬರುವ ಹೆಚ್ಚಿನ ವಸೂಲು ಇನ್ನೊಂದು. ಪತ್ರಿಕೆಗಳು ಬಿಡಲೊಲ್ಲದಿರುವುದು ಈ ಎರಡನ್ನು, ಜಾಹೀರಾತನ್ನಲ್ಲ.

‘ಬಲವಂತವೇನೂ ಇಲ್ಲ, ಇಷ್ಟವಿದ್ದವರು ಕೊಡುತ್ತಾರೆ’ ಎಂಬುದು ಎರಡನೆಯ ಮಾತು. ಶರ್ತಿಯ ಮುಚ್ಚಳಿಕೆಯಲ್ಲಿಯೂ ಹೀಗೆಯೇ ಬರೆದಿತ್ತೆಂಬುದನ್ನು ಹಿಂದೆಯೇ ಹೇಳಿದೆ. ಬಲವಂತವಿಲ್ಲವೆಂಬುದನ್ನು ಪರೀಕ್ಷಿಸಲು ಒಂದು ಸುಲಭವಾದ ಉಪಾಯವುಂಟು. ಸುದ್ದಿಗೂ ತನಗೂ ಸಂಬಂಧವಿಲ್ಲದ ಒಬ್ಬ ಹುಡುಗನನ್ನು ಅದೇ ದರದ ಪಟ್ಟಿಯೊಡನೆ ಅದೇ ಅಂಗಡಿಗಳಿಗೆ ಕಳುಹಿಸಲಿ. ಅವನಿಗೂ ಅಷ್ಟೇ ಶುಭಾಶಯಗಳು ದೊರೆತರೆ ಬಲವಂತವಿರಲಿಲ್ಲವೆಂದು ಒಪ್ಪಬಹುದು. ಈ ಪರೀಕ್ಷೆಗೆ ಯಾವ ಆಡಳಿತವೂ ಮನಸ್ಸು ಮಾಡದಿರುವುದಕ್ಕೆ ಕಾರಣವನ್ನು ವಾಚಕರೇ ಊಹಿಸಬಹುದು.

ಮೂರನೆಯದು ಸ್ವಲ್ಪ ಗೌರವದ ವಾದ: ‘ಮನುಷ್ಯನು ಗಟ್ಟಿಯಾಗಿದ್ದರೆ ಯಾವ ಹಣವೂ ಅವನನ್ನು ಕೆಡಿಸಲಾರದು.’ ಅಂಥ ಗಟ್ಟಿಗರು ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ನ್ಯಾಯಾಧೀಶನು ತನಗೆ ಸಾಲ ಕೊಟ್ಟವನ ವ್ಯಾಜ್ಯವನ್ನು ತಾನು ವಿಚಾರಿಸಕೂಡದೆಂಬ ನಿಯಮವು ನ್ಯಾಯಾಧೀಶರೆಲ್ಲರೂ ಲಂಚಕೋರರೆಂಬ ನಂಬಿಕೆಯಿಂದ ಹುಟ್ಟಿದುದಲ್ಲ. ಋಣವು ಮನುಷ್ಯನ ಬುದ್ಧಿಯನ್ನು ಅವನಿಗೇ ತಿಳಿಯದಂತೆ ಬಾಗಿಸುತ್ತದೆಂಬ ಲೋಕಾನುಭವದಿಂದ ಹುಟ್ಟಿದುದು. ಗಾಂಧೀಜಿಯವರಿಗಿಂತ ಗಟ್ಟಿಯಾದ ಸಂಪಾದಕನನ್ನು ತೋರಿಸುವುದು ಕಷ್ಟ. ೧೯೦೩ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಪ್ರಾರಂಭವಾದ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯು ಮೊದಲು ಜಾಹೀರಾತುಗಳನ್ನು ತೆಗೆದುಕೊಳ್ಳುತ್ತಿತ್ತು. ಆಮೇಲೆ ಅವರು ಅದನ್ನು ನಿಲ್ಲಿಸಿಬಿಟ್ಟರು. ಅದಕ್ಕೆ ಕಾರಣಗಳನ್ನು ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಚರಿತ್ರೆಯಲ್ಲಿ ಅವರೇ ತಿಳಿಸಿದ್ದಾರೆ. ಒಳ್ಳೆಯ ಕೆಲಸಗಾರರು ಜಾಹೀರಾತು ಕೂಡಿಸುವುದರಲ್ಲಿಯೂ ಬಾಕಿ ವಸೂಲಿಯಲ್ಲಿಯೂ ಸವೆದುಹೋಗುತ್ತಿದ್ದರು; ಕೊಟ್ಟವರನ್ನು ಓಲೈಸಬೇಕಾಗುತ್ತಿತ್ತು; ಅಯೋಗ್ಯವಾದ ಪ್ರಕಟನೆಯೊಂದನ್ನು ಬೇಡವೆನ್ನಲು ಮನಸ್ಸಾದರೂ, ಅದನ್ನು ಕೊಟ್ಟವನು ಸಮಾಜದ ಮುಖಂಡನಾಗಿದ್ದರೆ ನಿರಾಕರಿಸುವುದು ಕಷ್ಟವಾಗುತ್ತಿತ್ತು. ಅವರು ಕಂಡುಕೊಂಡ ಪರಿಹಾರವು ಎಲ್ಲ ಪತ್ರಿಕೆಗಳಿಗೂ ಸಾಧ್ಯವಲ್ಲದಿರಬಹುದು. ಆದರೆ ಅಂಥವರಿಗೇ ಕಷ್ಟವಾದುದು ಗೌರವಧನವೂ ಸರಿಯಾಗಿ ಬಾರದ ತಾಲ್ಲೂಕು ಬಾತ್ಮೀದಾರನಿಗೆ ಸುಲಭವಾದೀತೆಂದು ನಂಬುವುದು ನಂಬಿಕೆಯಲ್ಲ, ಅನುಕೂಲ.

ಇದು ಯಾರೂ ಗಮನಿಸದ ದೋಷವೂ ಅಲ್ಲ. ೨೦೦೯ರ ಚುನಾವಣೆಗಳಲ್ಲಿ ಹಣ ಪಡೆದು ಸುದ್ದಿ ಪ್ರಕಟಿಸಿದ ದೂರುಗಳು ಬಂದಮೇಲೆ, ಭಾರತದ ಪತ್ರಿಕಾ ಮಂಡಲಿಯು ಇಬ್ಬರು ಸದಸ್ಯರ ಉಪಸಮಿತಿಯೊಂದನ್ನು ನೇಮಿಸಿತು. ೨೦೧೦ರಲ್ಲಿ ಆ ಉಪಸಮಿತಿಯು ಕೊಟ್ಟ ವರದಿಯಲ್ಲಿ, ಬಾತ್ಮೀದಾರರನ್ನು ಜಾಹೀರಾತಿನ ಏಜೆಂಟರನ್ನಾಗಿಯೂ ದುಡಿಸಿಕೊಂಡು, ಸಂಬಳಕ್ಕೆ ಬದಲಾಗಿ ಕಮಿಷನ್ ಕೊಡುವ ಪದ್ಧತಿಯನ್ನು ಪತ್ರಿಕೆಗಳು ಕೈಬಿಡುವಂತೆ ನಿಯಮವಾಗಬೇಕೆಂದು ಸ್ಪಷ್ಟವಾಗಿ ಸಲಹೆ ಮಾಡಿತ್ತು. ಮಂಡಲಿಯು ಆ ಪೂರ್ಣ ವರದಿಯನ್ನು ತಾನಾಗಿ ಪ್ರಚುರಪಡಿಸದೆ ಚಿಕ್ಕದೊಂದನ್ನು ಹೊರಡಿಸಿತು. ಪೂರ್ಣಪಾಠವು ಜನರ ಮುಂದೆ ಅಧಿಕೃತವಾಗಿ ಬಂದುದು ೨೦೧೧ರಲ್ಲಿ, ಮಾಹಿತಿ ಹಕ್ಕಿನ ಆಜ್ಞೆಯ ಮೂಲಕ. ಊರೂರಿನ ಗುಟ್ಟನ್ನು ಬಯಲಿಗೆಳೆಯತಕ್ಕ ಉದ್ಯಮವು ತನ್ನ ಗುಟ್ಟಿನ ವಿಷಯದಲ್ಲಿ ಎಷ್ಟು ಸಂಕೋಚದ್ದೆಂಬುದು ಇದರಿಂದಲೇ ತಿಳಿಯುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಎ‌ರಡು ಕೆಲಸಗಳನ್ನು ಎರಡು ಕೈಗಳಿಗೆ ಕೊಡಬೇಕು. ಬಾತ್ಮೀದಾರನಿಗೆ ಅವನು ಬರೆದುದಕ್ಕೆ ತಕ್ಕ ವೇತನವು ಪತ್ರಿಕೆಯಿಂದಲೇ ಬರಬೇಕು. ಅವನು ಬೇರೆ ಉಪವೃತ್ತಿಯನ್ನು ಮಾಡುವುದಾದರೆ ಮಾಡಲಿ: ಪಾಠ ಹೇಳಲಿ, ಹೊಲ ನೋಡಿಕೊಳ್ಳಲಿ, ಅಂಗಡಿ ಇಡಲಿ. ತಾನು ಯಾರನ್ನು ಕುರಿತು ಬರೆಯಬೇಕೋ ಅವರಿಂದ ಪತ್ರಿಕೆಗಾಗಿ ಹಣ ಕೇಳುವ ಕೆಲಸವೊಂದು ಮಾತ್ರ ಅವನಿಗೆ ನಿಷಿದ್ಧವಾಗಿರಬೇಕು. ಜಾಹೀರಾತಿನ ಕೆಲಸಕ್ಕೆ ಊರಿನಲ್ಲಿ ಜನರಿಲ್ಲದಿಲ್ಲ. ಪದವಿ ಮುಗಿಸಿ ನೌಕರಿಗಾಗಿ ಕಾಯುತ್ತಿರುವ ತರುಣರಿದ್ದಾರೆ, ಮಧ್ಯಾಹ್ನದ ಹೊತ್ತು ಬಿಡುವಿರುವ ಗೃಹಿಣಿಯರಿದ್ದಾರೆ, ನಿವೃತ್ತರಾದ ಗುಮಾಸ್ತರಿದ್ದಾರೆ. ಇಂದು ಬಾತ್ಮೀದಾರನಿಗೆ ಬೇಡಿಯಾಗಿರುವ ನೂರಕ್ಕೆ ೧೫ ಇವರಿಗೆ ಮರ್ಯಾದೆಯ ಉಪಾರ್ಜನೆಯಾದೀತು.

ಆ ಕೆಲಸವನ್ನು ಸರಿಯಾಗಿ ಮಾಡಿದರೆ ಅದರಲ್ಲಿ ವಿದ್ಯೆಯೂ ಉಂಟು, ಊರಿಗೆ ಉಪಕಾರವೂ ಉಂಟು. ಒಳ್ಳೆಯ ಏಜೆಂಟನು ಅಂಗಡಿಗೆ ಹೋಗಿ ಮೊದಲು ಕೇಳಬೇಕಾದುದು ಹಣವನ್ನಲ್ಲ. ‘ನಿಮ್ಮಲ್ಲಿ ಮಾರುವುದಕ್ಕೆ ಏನಿದೆ? ಕೊಳ್ಳುವವರು ಯಾವ ಹಳ್ಳಿಯವರು? ಯಾವ ಕಾಲದಲ್ಲಿ ಬರುತ್ತಾರೆ?’ ಎಂಬುದನ್ನು. ಬಿತ್ತನೆ ಬೀಜಕ್ಕೆ ಮುಂಗಾರಿನ ಮೊದಲ ವಾರ, ಜವಳಿಗೆ ಮದುವೆಯ ಕಾಲ, ಪಠ್ಯಪುಸ್ತಕದ ಅಂಗಡಿಗೆ ಶಾಲೆ ತೆರೆಯುವ ಜೂನ್ ತಿಂಗಳು; ಇದನ್ನು ತಿಳಿದು, ನಾಲ್ಕು ಸಾಲಿನಲ್ಲಿ ಸರಕನ್ನೂ ದರವನ್ನೂ ಸ್ಥಳವನ್ನೂ ಒಳ್ಳೆಯ ಕನ್ನಡದಲ್ಲಿ ಬರೆದು, ಕರಡನ್ನು ತೋರಿಸಿ ಒಪ್ಪಿಗೆ ಪಡೆದು, ಎಲ್ಲರಿಗೂ ಒಂದೇ ದರವನ್ನು ಹೇಳಿ, ಪತ್ರಿಕೆಯ ಹೆಸರಿನ ರಸೀತಿಯನ್ನು ಕೊಟ್ಟು, ಅಚ್ಚಾದ ಪ್ರತಿಯನ್ನು ಕೈಗೆ ಮುಟ್ಟಿಸಿದರೆ, ಮುಂದಿನ ಸಲ ಅಂಗಡಿಯವನೇ ಅವನನ್ನು ಕರೆಯುತ್ತಾನೆ. ಜಾಹೀರಾತಿನ ಜೊತೆಗೆ ಸುದ್ದಿಯನ್ನೂ ಹಾಕಿಸಿಕೊಡುವೆನೆಂಬ ಮಾತು ಮಾತ್ರ ಅವನ ಬಾಯಿಂದ ಬರಕೂಡದು. ಅದು ಅವನು ಮಾರಬಲ್ಲ ಸರಕಲ್ಲ.

ಸಂಪಾದಕನೇ ಬಾತ್ಮೀದಾರನೂ ಅಚ್ಚುಕೂಟದ ಯಜಮಾನನೂ ಆಗಿರುವ ಸಣ್ಣ ವಾರಪತ್ರಿಕೆಗಳಲ್ಲಿ ಎರಡು ಕೈಗಳೆಲ್ಲಿಂದ ಬರಬೇಕು, ಎಂದು ಕೇಳಬಹುದು. ಮೊಬೈಲ್ ಫೋನೊಂದನ್ನು ಹಿಡಿದು ಯೂಟ್ಯೂಬ್ ವಾಹಿನಿಯನ್ನೋ ವಾಟ್ಸಾಪ್ ಸುದ್ದಿಗುಂಪನ್ನೋ ನಡೆಸುವವರ ಪಾಡೂ ಇದೇ. ಕೈಗಳನ್ನು ಬೇರ್ಪಡಿಸಲಾಗದ ಕಡೆ ಲೆಕ್ಕವನ್ನಾದರೂ ಬಯಲಿಗಿಡಬೇಕು: ಜಾಹೀರಾತಿನ ದರವು ಪ್ರತಿ ಸಂಚಿಕೆಯಲ್ಲಿ ಅಚ್ಚಾಗಬೇಕು, ಹಣ ಪಡೆದು ಹಾಕಿದುದರ ತಲೆಯ ಮೇಲೆ ‘ಜಾಹೀರಾತು’ ಎಂಬ ಮಾತು ಕಣ್ಣಿಗೆ ಕಾಣುವ ಅಕ್ಷರದಲ್ಲಿರಬೇಕು, ವರ್ಷಕ್ಕೊಮ್ಮೆ ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಓದುಗರ ಮುಂದಿಡಬೇಕು. ಋಣವನ್ನು ತಪ್ಪಿಸಲಾಗದಿದ್ದರೆ ಅದನ್ನು ಬಚ್ಚಿಡದಿರುವುದು ಪ್ರಾಮಾಣಿಕತೆಯ ಎರಡನೆಯ ಮೆಟ್ಟಿಲು. ವರ್ತಕರೂ ಒಂಟಿಯಾಗಿ ಅಂಜುವುದನ್ನು ಬಿಟ್ಟು, ಊರಿನ ವರ್ತಕರ ಸಂಘದಲ್ಲಿ ಕುಳಿತು, ಸುದ್ದಿ ಬರೆಯುವವರ ಕೈಗೆ ಜಾಹೀರಾತಿನ ಹಣವನ್ನು ಕೊಡುವುದಿಲ್ಲವೆಂದು ಒಂದೇ ಒಂದು ನಿರ್ಣಯವನ್ನು ಮಾಡಿಕೊಂಡರೆ, ಮಂಡಲಿಯ ವರದಿಯಿಂದ ಆಗದಿದ್ದುದು ಒಂದು ವರ್ಷದಲ್ಲಿ ಆದೀತು.

ಸಾಹಿತ್ಯ ಸಂಘಗಳೂ ಈ ವಿಷಯದಲ್ಲಿ ಕೈತೊಳೆದುಕೊಂಡು ದೂರ ನಿಲ್ಲುವಂತಿಲ್ಲ. ಸಮ್ಮೇಳನವೆಂದರೆ ಸ್ಮರಣಸಂಚಿಕೆ, ಸ್ಮರಣಸಂಚಿಕೆಯೆಂದರೆ ಹಿಂಬದಿಯ ನಲವತ್ತು ಪುಟಗಳ ಶುಭಾಶಯಗಳು ಎಂಬುದು ನಾಡಿನಲ್ಲೆಲ್ಲ ಬೆಳೆದಿರುವ ಪದ್ಧತಿ. ಅದಕ್ಕಾಗಿ ಹೊರಡುವ ತಂಡದಲ್ಲಿ ಕವಿಯೊಡನೆ ಅಧಿಕಾರಿಯನ್ನೂ ಮುಂದಿಟ್ಟುಕೊಂಡರೆ, ಅಂಗಡಿಯವನು ಕೊಡುವುದು ಕನ್ನಡದ ಮೇಲಿನ ಪ್ರೀತಿಯಿಂದಲೋ ಅಧಿಕಾರಿಯ ಮೇಲಿನ ಭಯದಿಂದಲೋ ಎಂಬುದನ್ನು ಯಾರು ಹೇಳಬಲ್ಲರು? ಭಯದಿಂದ ಬಂದ ಹಣದಲ್ಲಿ ಅಚ್ಚಾದ ಕನ್ನಡಾಭಿಮಾನವು ಹಾರ ಹಾಕಿದ ಹೆಣದಂತೆ. ನೂರು ಪುಟದ ಸಂಚಿಕೆಯ ಬದಲು ಅರುವತ್ತು ಪುಟದ್ದನ್ನು ಸದಸ್ಯರ ವಂತಿಗೆಯಿಂದಲೇ ಹೊರಡಿಸಿದರೆ ಸಾಹಿತ್ಯಕ್ಕೆ ನಷ್ಟವೇನೂ ಆಗದು.

ತಾಲ್ಲೂಕಿನ ಬಾತ್ಮೀದಾರನೆಂದರೆ ಆ ಊರಿಗೆ ಹೊರಲೋಕದ ಎದುರಿನಲ್ಲಿರುವ ಒಬ್ಬನೇ ಸಾಕ್ಷಿ. ಬೆಂಗಳೂರಿನಲ್ಲಿ ಒಬ್ಬ ವರದಿಗಾರನು ಸುಮ್ಮನಾದರೆ ಮಾತನಾಡಲು ಇನ್ನೂ ಹತ್ತು ಮಂದಿಯಿರುತ್ತಾರೆ; ತಾಲ್ಲೂಕು ಕೇಂದ್ರದಲ್ಲಿ ಅವನೊಬ್ಬನು ಸುಮ್ಮನಾದರೆ ಊರೇ ಮೂಕವಾಗುತ್ತದೆ. ಸಾಕ್ಷಿಯ ಬತ್ತೆಯನ್ನು ಆಪಾದಿತನಿಂದ ಕೊಡಿಸುವ ನ್ಯಾಯಾಲಯವು ಲೋಕದಲ್ಲಿ ಎಲ್ಲಿಯೂ ಇಲ್ಲ. ಅಂಥದೊಂದನ್ನು ತಾಲ್ಲೂಕು ತಾಲ್ಲೂಕಿನಲ್ಲಿಯೂ ನಡೆಸುತ್ತಿರುವ ಪತ್ರಿಕೆಗಳು, ನಿರ್ಭೀತಿ ನಿಷ್ಪಕ್ಷಪಾತಗಳೆಂಬ ಮಾತುಗಳನ್ನು ತಮ್ಮ ತಲೆಬರಹದ ಕೆಳಗೆ ಅಚ್ಚುಹಾಕುವ ಮೊದಲು, ಆ ಮಾತುಗಳನ್ನು ಕಾಪಾಡತಕ್ಕವನಿಗೆ ತಿಂಗಳ ಮೊದಲನೆಯ ತಾರೀಖು ಸಂಬಳವನ್ನು ಕೊಡುವುದನ್ನು ಕಲಿಯಲಿ.